ಮೂರನೆಯದು ಯಾವಾಗ ಬರುತ್ತೆ?

ಬರದೇ ಇರುವ ಗೇಮ್‌ಗಾಗಿ ಕಾಯುವುದರಲ್ಲಿ ಎರಡು ಥರ ಇದೆ. ಒಂದು, ಕಥೆ ಅರ್ಧಕ್ಕೇ ನಿಂತಿದೆ, ಮುಂದೇನಾಯ್ತು ಹೇಳಿ ಮಾರಾಯ್ರೇ ಅಂತ ಕಾಯುವುದು. ಇನ್ನೊಂದರಲ್ಲಿ ಕಥೆ ಯಾವತ್ತೋ ಮುಗಿದಿರುತ್ತದೆ, ಅದೇನಂತ ಯಾರಿಗೂ ನೆನಪೂ ಇರುವುದಿಲ್ಲ. ಆದರೆ ಆ ಆಟದಲ್ಲಿ ಸಿಕ್ಕ ಮಜಾ ಮತ್ತೆ ಬೇರೆ ಯಾವ ಆಟದಲ್ಲೂ ಸಿಕ್ಕಿರುವುದಿಲ್ಲ. ಹಾಫ್-ಲೈಫ್ ಮೊದಲನೇ ಥರದ್ದು. ಪ್ರಾಜೆಕ್ಟ್ ಐಜಿಐ ಎರಡನೆಯದು. ಗೆಳೆಯರೆಲ್ಲ ಸೇರಿದಾಗ ಇವೆರಡನ್ನೂ ಒಂದೇ ಉಸಿರಲ್ಲಿ ಹೇಳಿ, "ಮೂರನೇದು ಬರಬೇಕಿತ್ತು ಕಣೋ" ಅಂದುಬಿಡುತ್ತೇವೆ. ನನಗೇನೋ ಇವೆರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ ಬೇರೆ ಅನಿಸುತ್ತದೆ.

ಹಾಫ್-ಲೈಫ್ ವಿಷಯ ಬೇಗ ಮುಗಿಸುತ್ತೇನೆ. ಅದರ ಬಗ್ಗೆ ಬರೆಯದವರೇ ಇಲ್ಲ. ವಾಲ್ವ್ ಕಂಪನಿ ಹಾಫ್-ಲೈಫ್ 2 ಬಿಟ್ಟಿದ್ದು 2004ರ ನವೆಂಬರ್‌ನಲ್ಲಿ. ಆಮೇಲೆ ಮುಂದಿನ ಕಥೆಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕೊಡುತ್ತೇವೆ ಅಂದರು. 2006ರಲ್ಲಿ ಎಪಿಸೋಡ್ ಒನ್ ಬಂತು, 2007ರ ಅಕ್ಟೋಬರ್‌ನಲ್ಲಿ ಎಪಿಸೋಡ್ ಟೂ. ಎರಡನೇ ಕಂತಿನ ಕೊನೆ ನೋಡಿದವರಿಗೆ ಗೊತ್ತು. ಅಡ್ವೈಸರ್ ಅನ್ನುವ ಹುಳದಂಥ ಆ ದೊಡ್ಡ ಶತ್ರುಗಳು ನುಗ್ಗಿ ಬಂದು, ಕಥೆಯುದ್ದಕ್ಕೂ ನಮ್ಮ ಜೊತೆಗಿರುವ ಆಲಿಕ್ಸ್‌ಳ ಅಪ್ಪ ಈಲೈ ವ್ಯಾನ್ಸ್‌ನನ್ನು ನಮ್ಮ ಕಣ್ಣೆದುರೇ ಕೊಲ್ಲುತ್ತವೆ. ಕಾಣದ ಶಕ್ತಿಯೊಂದು ನಮ್ಮನ್ನು ಅಲ್ಲಾಡದಂತೆ ಹಿಡಿದಿರುತ್ತದೆ. ಕೀಬೋರ್ಡ್ ಮೇಲೆ ಏನು ಕುಟ್ಟಿದರೂ ಪ್ರಯೋಜನ ಇಲ್ಲ. ಮಗಳು ಅಪ್ಪನ ಮೇಲೆ ಬಿದ್ದು ಅಳುತ್ತಾಳೆ. ಪರದೆ ಕಪ್ಪಾಗುತ್ತದೆ. ಮುಗೀತು.

ವಾರಪತ್ರಿಕೆಯ ಧಾರಾವಾಹಿ 'ಮುಂದಿನ ಸಂಚಿಕೆಗೆ' ಅಂತ ನಿಂತು, ಮುಂದಿನ ಸಂಚಿಕೆಯಲ್ಲಿ ಆ ಪುಟವೇ ಇಲ್ಲದಿದ್ದರೆ ಓದುವವರಿಗೆ ಹೇಗಾಗುತ್ತೆ ಹೇಳಿ. ಹಾಗೇ ಆಯಿತು. ಎಪಿಸೋಡ್ ತ್ರೀ ಬರಲೇ ಇಲ್ಲ. ವರ್ಷಗಟ್ಟಲೆ ಕಂಪನಿಯಿಂದ ನೆಟ್ಟಗೆ ಒಂದು ಮಾತೂ ಇಲ್ಲ. ಆ ಗೇಮ್‌ಗಳ ಕಥೆ ಬರೆದ ಮಾರ್ಕ್ ಲೇಯ್ಡ್‌ಲಾ 2016ರಲ್ಲಿ ಕಂಪನಿ ಬಿಟ್ಟರು. ಮಾರನೇ ವರ್ಷ ಆಗಸ್ಟ್‌ನಲ್ಲಿ ಸುಮ್ನೆ ತಮ್ಮ ಬ್ಲಾಗಿನಲ್ಲಿ ಒಂದು ಪತ್ರ ಹಾಕಿದರು. ಪಾತ್ರಗಳ ಹೆಸರನ್ನು ಸ್ವಲ್ಪ ತಿರುಚಿ, ಗಂಡನ್ನು ಹೆಣ್ಣು ಮಾಡಿ, ಹೆಣ್ಣನ್ನು ಗಂಡು ಮಾಡಿ ಬರೆದಿದ್ದರು. ಆದರೆ ಅದು ಮೂರನೇ ಕಂತಿನ ಕಥೆ ಅಂತ ಯಾರಿಗಾದರೂ ಗೊತ್ತಾಗುವಂತಿತ್ತು. ಧ್ರುವ ಪ್ರದೇಶದ ಹಿಮದಲ್ಲಿ ಬೋರಿಯಾಲಿಸ್ ಎಂಬ ಹಡಗು. ಅದು ಒಂದು ಕಡೆ ನಿಲ್ಲದೆ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಜಿಗಿಯುತ್ತಿರುತ್ತದೆ. ಅದನ್ನೇ ಬಾಂಬ್ ಮಾಡಿ ಶತ್ರುಗಳ ಮೇಲೆ ಹೊಡೆಯಲು ಹೊರಡುತ್ತಾರೆ. ಹತ್ತಿರ ಹೋಗಿ ನೋಡಿದರೆ ಆ ಶತ್ರುವಿನ ಲೋಕದ ಮುಂದೆ ಇವರ ಬಾಂಬು ಏನೇನೂ ಅಲ್ಲ.

ಅಭಿಮಾನಿಗಳು ಆ ಪತ್ರ ಇಟ್ಟುಕೊಂಡು ತಾವೇ ಗೇಮ್ ಮಾಡಲು ಕೂತರು. ವಾಲ್ವ್ 2020ರ ಮಾರ್ಚ್‌ನಲ್ಲಿ ಹಾಫ್-ಲೈಫ್: ಆಲಿಕ್ಸ್ ತಂದಿತು. ಆಡಬೇಕಾದರೆ ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ಬೇಕು. ಅದರ ಕೊನೆಯಲ್ಲಿ ಸತ್ತ ಈಲೈನನ್ನು ಬದುಕಿಸಿದರು, ಬದಲಿಗೆ ಮಗಳನ್ನು ಜಿ-ಮ್ಯಾನ್ ಅನ್ನುವ ಸೂಟುಧಾರಿ ನಿಗೂಢ ಮನುಷ್ಯ ಎತ್ತಿಕೊಂಡು ಹೋದ. ಹಳೇ ಸಾಲ ತೀರಿಸಿ ಹೊಸ ಸಾಲ ಮಾಡಿದ ಹಾಗೆ. 2024ರಲ್ಲಿ, ಹಾಫ್-ಲೈಫ್ 2ಕ್ಕೆ 20 ವರ್ಷ ತುಂಬಿದಾಗ, ಕಂಪನಿಯೇ ಒಂದು ಸಾಕ್ಷ್ಯಚಿತ್ರ ಬಿಟ್ಟಿತು. ನಿಂತುಹೋದ ಎಪಿಸೋಡ್ ತ್ರೀಯ ಒಂದಿಷ್ಟು ತುಣುಕು ಅದರಲ್ಲಿದೆ. ನೀರ್ಗಲ್ಲಿನ ಗೋಡೆ ಕಟ್ಟುವ ಒಂದು ಗನ್ನು, ಲೋಳೆಯ ಮುದ್ದೆಯಂಥ ಒಂದು ಶತ್ರು. ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ಹೇಳಿದ್ದರ ಸಾರ ಇಷ್ಟೇ: ಈ ಕಂತಿನಿಂದ ಆಟದಲ್ಲಿ ಹೊಸದೇನು ಮಾಡಿದ ಹಾಗಾಗುತ್ತೆ ಅಂತ ತಮಗೇ ಹೊಳೆಯಲಿಲ್ಲ, ಬರೀ ಕಥೆ ಮುಂದೆ ದೂಡಲಿಕ್ಕೆ ಗೇಮ್ ಮಾಡೋದು ಬೇಡ ಅನಿಸಿತು.

ಇದನ್ನು ಕೇಳಿ ಸಿಟ್ಟಾದವರು ಜಾಸ್ತಿ. ನನಗೆ ಸಿಟ್ಟು ಬರಲಿಲ್ಲ. ಕಥೆ ಹೇಗೆ ಮುಗಿಯುತ್ತೆ ಅನ್ನುವುದಷ್ಟೇ ಬೇಕಿದ್ದರೆ ಲೇಯ್ಡ್‌ಲಾ ಅದನ್ನು ಪುಕ್ಕಟೆಯಾಗಿ ಹೇಳಿಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಆ ಪತ್ರವೇ ಎಪಿಸೋಡ್ ತ್ರೀ. ಕಥೆಯ ಹಸಿವನ್ನು ಕಥೆಯೇ ತೀರಿಸುತ್ತದೆ, ಅದಕ್ಕೆ ಗ್ರಾಫಿಕ್ಸ್ ಕಾರ್ಡೇ ಬೇಕು ಅಂತೇನಿಲ್ಲ.

ಕಥೆ ಮುಗಿಸಲೆಂದೇ ಗೇಮ್ ತಂದರೂ ಕಥೆ ಮುಗಿಯುವುದಿಲ್ಲ ಅನ್ನುವುದಕ್ಕೆ ಶೆನ್‌ಮ್ಯೂ ಇದೆ. ಜಪಾನಿನ ಯೂ ಸುಝುಕಿ 1999ರಲ್ಲಿ ಸೆಗಾ ಡ್ರೀಮ್‌ಕಾಸ್ಟ್ ಅನ್ನುವ ಗೇಮ್ ಯಂತ್ರಕ್ಕಾಗಿ ಮಾಡಿದ ಗೇಮ್. ಅಪ್ಪನನ್ನು ಕೊಂದವನನ್ನು ಹುಡುಕಿಕೊಂಡು ಯೊಕೊಸುಕಾ ಊರಿನ ಹುಡುಗ ಹೊರಡುತ್ತಾನೆ. 2001ರಲ್ಲಿ ಎರಡನೆಯದು ಬಂತು, ಒಂದು ಗುಹೆಯೊಳಗೆ ನಿಂತಿತು. ಆ ಗುಹೆಯಿಂದ ಹೊರಬರಲು 18 ವರ್ಷ ಬೇಕಾಯಿತು. 2015ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರೇ 63 ಲಕ್ಷ ಡಾಲರ್ ಒಟ್ಟು ಮಾಡಿ ಕೊಟ್ಟರು. 2019ರ ನವೆಂಬರ್‌ನಲ್ಲಿ ಶೆನ್‌ಮ್ಯೂ 3 ಬಂತು. ಕೊನೆಗೂ ಅಪ್ಪನನ್ನು ಕೊಂದವನು ಎದುರು ಸಿಗುತ್ತಾನೆ. ಹುಡುಗ ಹೊಡೆದಾಡಿ ಸೋಲುತ್ತಾನೆ. ಕಥೆ ಮತ್ತೆ ಮುಂದಕ್ಕೆ! ದುಡ್ಡು ಹಾಕಿದವರ ಮುಖ ನೆನೆಸಿಕೊಂಡರೆ ಪಾಪ ಅನಿಸುತ್ತದೆ. ಈಗ ಅವರೆಲ್ಲ ನಾಲ್ಕನೆಯದಕ್ಕೆ ಕಾಯುತ್ತಿದ್ದಾರೆ.

ಇನ್ನು ಐಜಿಐ.

ಪ್ರಾಜೆಕ್ಟ್ ಐಜಿಐ, ಅಂದರೆ 'ಐಯಾಮ್ ಗೋಯಿಂಗ್ ಇನ್', ಬಂದದ್ದು 2000ದ ಡಿಸೆಂಬರ್‌ನಲ್ಲಿ. ಮಾಡಿದ್ದು ನಾರ್ವೆಯ ಓಸ್ಲೊದಲ್ಲಿದ್ದ ಇನ್ನರ್‌ಲೂಪ್ ಸ್ಟುಡಿಯೋಸ್, ಮಾರಿದ್ದು ಐಡೊಸ್. ಹೊರದೇಶದ ಪತ್ರಿಕೆಗಳು ಅದನ್ನು ಅಷ್ಟಾಗಿ ಮೆಚ್ಚಿಕೊಳ್ಳಲಿಲ್ಲ. ಶತ್ರುಗಳಿಗೆ ಬುದ್ಧಿ ಕಮ್ಮಿ, ಮಿಷನ್ ಮಧ್ಯೆ ಸೇವ್ ಮಾಡಲು ಆಗಲ್ಲ, ಜೊತೆಯಲ್ಲಿ ಆಡಲು ಮಲ್ಟಿಪ್ಲೇಯರ್ ಇಲ್ಲ ಅಂತ ಮಾರ್ಕು ಕಳೆದರು. ಎಲ್ಲವೂ ನಿಜ. ಆದರೂ ನಮ್ಮ ಕಡೆ ಆ ಕಾಲದಲ್ಲಿ ಕಂಪ್ಯೂಟರ್ ಮುಟ್ಟಿದ ಹುಡುಗರಲ್ಲಿ ಐಜಿಐ ಆಡದವರು ಸಿಗುವುದು ಕಷ್ಟ. ಇಂಟರ್ನೆಟ್ ಬೇಕಿರಲಿಲ್ಲ. ಸಾಧಾರಣ ಮಷೀನ್‌ನಲ್ಲೂ ಓಡುತ್ತಿತ್ತು. ಸಿಡಿ ಒಬ್ಬನ ಹತ್ತಿರ ಇದ್ದರೆ ಇಡೀ ಬೀದಿಯ ಹತ್ತಿರ ಇದ್ದ ಹಾಗೆ. (ಆ ಸಿಡಿ ಅಸಲಿಯೋ ನಕಲಿಯೋ ಅಂತ ಆಗ ಯಾರೂ ಕೇಳುತ್ತಿರಲಿಲ್ಲ. ಈಗಲೂ ಕೇಳಬೇಡಿ.)

ಆ ಆಟದ ವಿಶೇಷ ಏನು ಅಂತ ಕೇಳಿದರೆ ನನ್ನ ಉತ್ತರ: ಖಾಲಿ ಜಾಗ.

ಇದಕ್ಕೆ ಒಂದು ಹಿನ್ನೆಲೆ ಇದೆ. ಇನ್ನರ್‌ಲೂಪ್‌ನವರು ಐಜಿಐಗೆ ಮುಂಚೆ, 1997ರಲ್ಲಿ, ಜಾಯಿಂಟ್ ಸ್ಟ್ರೈಕ್ ಫೈಟರ್ ಅನ್ನುವ ಯುದ್ಧವಿಮಾನದ ಗೇಮ್ ಮಾಡಿದ್ದರು. ವಿಮಾನ ಹಾರಬೇಕಾದರೆ ಕೆಳಗೆ ಮೈಲಿಗಟ್ಟಲೆ ನೆಲ ಬೇಕಲ್ಲ, ಗುಡ್ಡ, ಕಣಿವೆ, ದೂರದ ದಿಗಂತ. ಅದೇ ಗೇಮ್ ಎಂಜಿನ್, ಅಂದರೆ ಆಟ ನಡೆಸುವ ಸಾಫ್ಟ್‌ವೇರ್, ಇಟ್ಟುಕೊಂಡು ಒಬ್ಬ ಮನುಷ್ಯನನ್ನು ಆ ನೆಲದ ಮೇಲೆ ನಿಲ್ಲಿಸಿದರು. ಆಗಿನ ಗನ್ ಗೇಮ್‌ಗಳೆಲ್ಲ ಸುರಂಗ, ಕಾರಿಡಾರ್, ಒಂದರಿಂದ ಇನ್ನೊಂದು ಬಾಗಿಲು. ಐಜಿಐನಲ್ಲಿ ಹಾಗಲ್ಲ. ದೂರದಲ್ಲೊಂದು ಬೇಸ್, ಅದರ ಸುತ್ತ ಬೇಲಿ, ಕಾವಲು ಗೋಪುರ, ಬ್ಯಾರಕ್ಕು. ಆ ಕಡೆ ಗುಡ್ಡದ ಮೇಲೆ ನೀವು. ಎಡದಿಂದ ಹೋಗ್ತೀರೋ, ಬಲದಿಂದ ಹೋಗ್ತೀರೋ, ನಿಮ್ಮಿಷ್ಟ. ಗುಡ್ಡಗಳ ಆಚೆಗೆ ನಡೆದುಕೊಂಡೇ ಹೋದರೂ ಯಾರೂ ತಡೆಯುವುದಿಲ್ಲ. ಅಲ್ಲಿ ಏನೂ ಇಲ್ಲ ಅಷ್ಟೇ. ಬರೀ ಹುಲ್ಲು, ಹಿಮ, ಗಾಳಿಯ ಸದ್ದು.

ಮೊದಲ ಐದು ನಿಮಿಷ ಗುಂಡು ಹಾರಿಸುವ ಮಾತೇ ಇಲ್ಲ. ದುರ್ಬೀನು ತೆಗೆದು ನೋಡುತ್ತಾ ಕೂರಬೇಕು. ಗೋಪುರದ ಮೇಲೆ ಒಬ್ಬ. ಜೀಪಿನ ಹತ್ತಿರ ಇಬ್ಬರು. ಕ್ಯಾಮೆರಾ ಯಾವ ಕಡೆ ತಿರುಗುತ್ತಿದೆ? ಆಮೇಲೆ ಮ್ಯಾಪ್ ಕಂಪ್ಯೂಟರ್ ತೆರೆದರೆ ಉಪಗ್ರಹದಿಂದ ನೋಡಿದ ಹಾಗೆ ಇಡೀ ಬೇಸ್ ಮೇಲಿನಿಂದ ಕಾಣುತ್ತದೆ, ಕಾವಲುಗಾರರು ಅತ್ತಿತ್ತ ಓಡಾಡುವುದೂ ಸಮೇತ. ಕ್ಯಾಮೆರಾ ಕಣ್ಣಿಗೆ ಬಿದ್ದರೆ ಸೈರನ್ ಕೂಗುತ್ತದೆ. ಸೈರನ್ ಕೂಗಿದರೆ ಬ್ಯಾರಕ್ಕಿನಿಂದ ಜನ ಬರುತ್ತಾರೆ, ಬರುತ್ತಲೇ ಇರುತ್ತಾರೆ. ಅಷ್ಟು ಜನ ಆ ಕೋಣೆಯೊಳಗೆ ಹೇಗೆ ಹಿಡಿಸಿದರು ಅಂತ ದೇವರೇ ಹೇಳಬೇಕು. ಏಣಿ ಹತ್ತಿದರೆ ಮಾತ್ರ ನಮ್ಮ ಹೀರೊ ಡೇವಿಡ್ ಜೋನ್ಸ್ ಹೊರಗಿನಿಂದ ಕಾಣುತ್ತಾನೆ. ಗೋಪುರದ ತುದಿಯಿಂದ ಕೇಬಲ್ ಹಿಡಿದು ಸರ್ರಂತ ಜಾರಿ ಇನ್ನೊಂದು ಕಡೆ ಇಳಿಯುವಾಗಲೂ ಹಾಗೇ. ಆ ಜಾರುವುದೊಂದಕ್ಕೇ ಪುನಃ ಪುನಃ ಗೋಪುರ ಹತ್ತಿದವರಿದ್ದಾರೆ.

ನಾನು ಇದನ್ನೆಲ್ಲ ಆಡಿದ್ದು ಶಿವಮೊಗ್ಗದ ಒಂದು ಸೈಬರ್‌ನಲ್ಲಿ. ಗಂಟೆ ಲೆಕ್ಕದಲ್ಲಿ ದುಡ್ಡು. ಒಬ್ಬ ಆಡುವುದು, ಹಿಂದೆ ಮೂರು ಜನ ನಿಂತು ಹೇಳಿಕೊಡುವುದು. "ಲೋ, ಬಲಗಡೆ, ಬಲಗಡೆ! ಕೂತ್ಕೊಂಡು ಹೋಗೋ!" "ಡ್ರಾಗುನೋವ್ ಗನ್ ತಗೊಳೋ, ಮೇಲಿರೋನ ಮೊದ್ಲು ಹೊಡಿ." ಸೇವ್ ಇಲ್ಲದ ಗೇಮ್ ಮತ್ತು ಗಂಟೆಗೆ ಕಟ್ಟಿದ ಕಂಪ್ಯೂಟರ್, ಇವೆರಡೂ ಸೇರಿದಾಗ ಏನಾಗುತ್ತದೆ ಅಂತ ನಾರ್ವೆಯವರು ಕನಸಿನಲ್ಲೂ ಯೋಚಿಸಿರಲಿಕ್ಕಿಲ್ಲ. ಮಿಷನ್ ಮುಕ್ಕಾಲು ಭಾಗ ಆಗಿರುತ್ತದೆ. ಉಳಿದಿರುವುದು ಕಾಲು ಪಾಲು ಜೀವ. ಕೌಂಟರ್‌ನಿಂದ ಕೂಗು ಬರುತ್ತದೆ, "ಏಳ್ರೋ, ಟೈಮ್ ಆಯ್ತು." "ಅಣ್ಣಾ, ಇನ್ನೈದೇ ನಿಮಿಷ ಅಣ್ಣಾ, ಪ್ಲೀಸ್." ಅಣ್ಣನಿಗೂ ಗೊತ್ತು, ಈಗ ಎಬ್ಬಿಸಿದರೆ ಇವರು ನಾಳೆ ಮೊದಲಿನಿಂದ ಶುರು ಮಾಡಬೇಕು, ಅಂದರೆ ನಾಳೆಯೂ ಬರುತ್ತಾರೆ. ವ್ಯಾಪಾರ ಗೊತ್ತಿದ್ದ ಮನುಷ್ಯ. ಹಾಗಾಗಿ ಕೊನೆಯ ಆ ಐದು ನಿಮಿಷದಲ್ಲಿ ಆಗುತ್ತಿದ್ದ ಎದೆ ಡವಡವ ನಿಜವಾದದ್ದು. ಸತ್ತರೆ ಪಾಕೆಟ್ ಮನಿಯೂ ಜೊತೆಗೇ ಸಾಯುತ್ತಿತ್ತು.

ಈಗಿನ ಗೇಮ್‌ಗಳಲ್ಲಿ ನೂರು ಸಲ ಸತ್ತರೂ ಏನೂ ಅನಿಸುವುದಿಲ್ಲ. ಸತ್ತ ಜಾಗದಿಂದ ಹತ್ತು ಹೆಜ್ಜೆ ಹಿಂದೆ ಎದ್ದು ನಿಲ್ಲುತ್ತೇವೆ. ಅದು ತಪ್ಪು ಅಂತಲ್ಲ. ಮನೆಯಲ್ಲಿ ಮಗು ಮಲಗಿದ ಮೇಲೆ ಅರ್ಧ ಗಂಟೆ ಆಡುವವನಿಗೆ ಅದೇ ಸರಿ. ಆದರೆ ಹೆದರಿಕೆ ಇಲ್ಲದಿದ್ದರೆ ದುರ್ಬೀನು ಹಿಡಿದು ಐದು ನಿಮಿಷ ಯಾರು ಕೂರುತ್ತಾರೆ? ನುಗ್ಗಿಬಿಡುತ್ತೇವೆ. ಸೇವ್ ಇಲ್ಲದ್ದರಿಂದಲೇ ನಾವು ನೋಡುವುದನ್ನು ಕಲಿತದ್ದು. ಶತ್ರುಗಳು ಪೆದ್ದರಾಗಿದ್ದರಿಂದ ಆ ನೋಡುವುದಕ್ಕೆ ಫಲವೂ ಸಿಗುತ್ತಿತ್ತು: ಅವರು ಪ್ರತಿ ಸಲವೂ ಅದೇ ದಾರಿಯಲ್ಲಿ ನಡೆಯುತ್ತಾರೆ, ಒಮ್ಮೆ ಕಲಿತರೆ ಕಲಿತ ಹಾಗೆ. ಪತ್ರಿಕೆಗಳು ಮಾರ್ಕು ಕಳೆದದ್ದು ಇವೆರಡಕ್ಕೇ ಅಲ್ವಾ!

ಇದಕ್ಕೆ ಸಾಕ್ಷಿ ಐಜಿಐ 2. 2003ರಲ್ಲಿ ಬಂತು, ಈ ಸಲ ಕೋಡ್‌ಮಾಸ್ಟರ್ಸ್ ಕಂಪನಿಯ ಮೂಲಕ. ದೂರು ಹೇಳಿದ್ದನ್ನೆಲ್ಲ ಸರಿಮಾಡಿದರು. ಮಿಷನ್ ಮಧ್ಯೆ ಇಷ್ಟು ಸಲ ಅಂತ ಸೇವ್ ಕೊಟ್ಟರು. ಮಲ್ಟಿಪ್ಲೇಯರ್ ಕೊಟ್ಟರು. ಗ್ರಾಫಿಕ್ಸ್ ಚೆನ್ನಾಗಾಯಿತು, ಗನ್ನುಗಳು ಜಾಸ್ತಿಯಾದವು. ಒಳ್ಳೇ ಗೇಮೇ. ಆದರೆ 'ಐಜಿಐ' ಅಂದ ತಕ್ಷಣ ನನ್ನ ಓರಗೆಯವರ ಕಣ್ಣ ಮುಂದೆ ಬರುವುದು ಮೊದಲನೆಯದೇ, ಅದರ ಮೊದಲ ಮಿಷನ್‌ನ ಟ್ರೇನ್‌ಯಾರ್ಡೇ. ಅದೇ ವರ್ಷ ಇನ್ನರ್‌ಲೂಪ್ ಬಾಗಿಲು ಹಾಕಿತು.

ಬಾಗಿಲು ಹಾಕಿದ ಸ್ಟುಡಿಯೊಗಳ ಗೇಮ್‌ಗಳಿಗೆ ಇನ್ನೊಂದು ತಾಪತ್ರಯ ಇದೆ. ಆಸ್ತಿ ಪತ್ರದ ತಾಪತ್ರಯ. ಐಜಿಐ ಬಂದ ಸುಮಾರಿಗೇ, 2000ದ ಕೊನೆಯಲ್ಲಿ, ಮೊನೊಲಿತ್ ಸ್ಟುಡಿಯೊ ನೋ ಒನ್ ಲಿವ್ಸ್ ಫಾರೆವರ್ ಅಂತ ಒಂದು ಗೇಮ್ ತಂದಿತ್ತು. 60ರ ದಶಕದ ಗೂಢಚಾರಿ ಸಿನಿಮಾಗಳನ್ನು ಗೇಲಿ ಮಾಡುತ್ತಲೇ ಮುದ್ದು ಮಾಡುವ ಆಟ. ನಾಯಕಿ ಕೇಟ್ ಆರ್ಚರ್. ಕಾವಲುಗಾರರ ಹಿಂದೆ ಅಡಗಿ ಕೂತರೆ ಅವರವರೇ ಮಾತಾಡಿಕೊಳ್ಳುವ ಹರಟೆ ಕೇಳಿ ನಗು ತಡೆಯಲು ಆಗುತ್ತಿರಲಿಲ್ಲ. ಹಳೇ ಗೇಮ್‌ಗಳನ್ನು ಹೊಸ ಮಷೀನ್‌ಗೆ ಒಗ್ಗಿಸಿ ಮಾರುವ ನೈಟ್‌ಡೈವ್ ಸ್ಟುಡಿಯೋಸ್‌ನವರು ಇದನ್ನು ಮತ್ತೆ ತರಲು ಹೊರಟರು. ಹಕ್ಕು ಯಾರ ಹತ್ತಿರ ಇದೆ? ವಾರ್ನರ್ ಬ್ರದರ್ಸ್, ಆಕ್ಟಿವಿಷನ್, ಫಾಕ್ಸ್, ಮೂರು ಮನೆ ಸುತ್ತಿದರು. ಮಜಾ ಏನೆಂದರೆ, ಹಕ್ಕು ತಮ್ಮಲ್ಲಿ ಇದೆಯೋ ಇಲ್ಲವೋ ಅಂತ ಅವರಲ್ಲಿ ಕೆಲವರಿಗೇ ಖಚಿತವಾಗಿ ಗೊತ್ತಿರಲಿಲ್ಲ. ಕಾಗದಪತ್ರ ಎಲ್ಲೋ ಹಳೇ ಕಪಾಟಿನಲ್ಲಿ. ಹುಡುಕಲು ಯಾರಿಗೂ ಪುರುಸೊತ್ತಿಲ್ಲ, ಬೇರೆಯವರು ಮಾಡಿದರೆ ಮಾತ್ರ ಕೇಸು ಹಾಕಲು ಪುರುಸೊತ್ತಿದೆ. 2015ರ ಹೊತ್ತಿಗೆ ನೈಟ್‌ಡೈವ್ ಕೈಚೆಲ್ಲಿತು. 2025ರ ಫೆಬ್ರವರಿಯಲ್ಲಿ ವಾರ್ನರ್‌ನವರು ಮೊನೊಲಿತ್ ಸ್ಟುಡಿಯೊವನ್ನೇ ಮುಚ್ಚಿದರು. ದಾಯಾದಿ ಜಗಳದಲ್ಲಿ ಬೀಗ ಬಿದ್ದ ಮನೆಗಳು ನಮ್ಮೂರಲ್ಲೂ ಇವೆ, ಅಲ್ಲಾದರೂ ಒಬ್ಬರಲ್ಲ ಒಬ್ಬರಿಗೆ ಸರ್ವೆ ನಂಬರ್ ಗೊತ್ತಿರುತ್ತದೆ.

ರೋಡ್ ರ‍್ಯಾಶ್‌ಗೆ ಆ ತೊಂದರೆಯೂ ಇಲ್ಲ. ಮಾಲೀಕರು ಎಲೆಕ್ಟ್ರಾನಿಕ್ ಆರ್ಟ್ಸ್, ಕಂಪನಿ ಗಟ್ಟಿಯಾಗೇ ಇದೆ. 1991ರಲ್ಲಿ ಶುರುವಾದ ಗೇಮು, ನಮ್ಮ ಕಂಪ್ಯೂಟರ್‌ಗಳಿಗೆ ಬಂದದ್ದು 1996ರ ವಿಂಡೋಸ್ ರೂಪ. ಪಕ್ಕದ ಬೈಕಿನವನನ್ನು ಒದೆಯುವುದು, ಅವನ ಕೈಯಲ್ಲಿರುವ ದೊಣ್ಣೆ ಕಿತ್ತುಕೊಂಡು ಅವನಿಗೇ ಬಾರಿಸುವುದು, ಬಿದ್ದರೆ ಎದ್ದು ಓಡಿಹೋಗಿ ಬೈಕ್ ಹತ್ತುವುದು, ಪೊಲೀಸ್ ಹಿಡಿದರೆ ದಂಡ ಕಟ್ಟುವುದು. 2000ದ ಈಚೆಗೆ ಹೊಸದೊಂದು ದೊಡ್ಡ ರೋಡ್ ರ‍್ಯಾಶ್ ಬರಲೇ ಇಲ್ಲ. ಬೇರೊಂದು ಸಣ್ಣ ತಂಡದವರು ಅದರ ನೆನಪಿನಲ್ಲೇ ರೋಡ್ ರಿಡೆಂಪ್ಷನ್ ಮಾಡಿ 2017ರಲ್ಲಿ ಬಿಟ್ಟರು. ಕತ್ತಿ ಬಂತು, ಗನ್ ಬಂತು, ಕಟ್ಟಡಗಳ ತಾರಸಿ ಮೇಲೆ ಬೈಕ್ ಓಡಿಸುವುದು ಬಂತು. ಖುಷಿಯಾಗಿ ಆಡಿದೆ. ಆದರೆ ಹಳೆಯದರಲ್ಲಿ ಹೊಡೆದಾಟದ ನಡುವೆ ಉದ್ದಕ್ಕೂ ಸುಮ್ಮನೆ ರಸ್ತೆ ಇರುತ್ತಿತ್ತು. ಯಾರೂ ಇಲ್ಲ, ಎದುರಿಗೊಂದು ಕಾರು ಬರುತ್ತದೆ, ಹೋಗುತ್ತದೆ. ಹೊಸದರಲ್ಲಿ ಆ ಬಿಡುವು ನನಗೆ ಸಿಗಲಿಲ್ಲ. ಮತ್ತೆ ಅದೇ ಖಾಲಿ ಜಾಗದ ಮಾತು.

ಹಾಗಂತ ತಡವಾಗಿ ಬಂದದ್ದೆಲ್ಲ ಕೆಟ್ಟದ್ದು ಅಂದರೆ ಸುಳ್ಳಾಗುತ್ತದೆ. ಡ್ಯೂಕ್ ನ್ಯೂಕೆಮ್ ಫಾರೆವರ್ 1997ರಲ್ಲಿ ಘೋಷಣೆಯಾಗಿ 2011ರಲ್ಲಿ ಬಂದು ಬೈಸಿಕೊಂಡಿತು, ಸರಿ. ಆದರೆ 2005ರ ಸೈಕೊನಾಟ್ಸ್‌ಗೆ 2021ರಲ್ಲಿ ಬಂದ ಎರಡನೇ ಭಾಗ ಮೊದಲನೆಯದಕ್ಕಿಂತ ಚೆನ್ನಾಗಿದೆ. ಅದೇ ಟಿಮ್ ಶಾಫರ್, ಅದೇ ಸ್ಟುಡಿಯೊ. ಮಾಡಿದವರೇ ಇದ್ದರೆ ಏನು ಬಿಡಬಾರದು ಅಂತ ಅವರಿಗೆ ಗೊತ್ತಿರುತ್ತದೆ. ಐಜಿಐಗೆ ಅವರೇ ಇಲ್ಲ.

ಆದರೂ ಒಂದು ಪ್ರಯತ್ನ ನಡೆಯಿತು. 2019ರಲ್ಲಿ ಸ್ವೀಡನ್ನಿನ ಟೋಡ್‌ಮನ್ ಇಂಟರ್‌ಆಕ್ಟಿವ್ 'ಐಜಿಐ ಒರಿಜಿನ್ಸ್' ಮಾಡುತ್ತಿದ್ದೇವೆ ಅಂತ ಪ್ರಕಟಿಸಿತು. ಡೇವಿಡ್ ಜೋನ್ಸ್‌ಗಿಂತ ಹಿಂದಿನ ಕಥೆ, ಶೀತಲ ಸಮರದ ಕಾಲ. ಆ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ವರ್ಷಗಳಿಂದ ಬಾಯಿ ಬಿಡದವರೆಲ್ಲ ಬಾಯಿ ಬಿಟ್ಟರು. ನಾನೂ ಟ್ರೇಲರ್ ನೋಡಿದೆ. ಗನ್ನು ಹೊಳೆಯುತ್ತಿತ್ತು, ಸಂಗೀತ ಗುಡುಗುತ್ತಿತ್ತು. ದೂರದಿಂದ ಒಂದು ಬೇಸ್ ನೋಡುತ್ತಾ ಕೂತ ದೃಶ್ಯ ಇದ್ದಿದ್ದರೆ ನನಗೆ ಅಷ್ಟೇ ಸಾಕಿತ್ತು. ಟೋಡ್‌ಮನ್‌ಗಾಗಿ ಅದನ್ನು ಮಾಡುತ್ತಿದ್ದ ಆಂಟಿಮ್ಯಾಟರ್ ಗೇಮ್ಸ್ ಸ್ಟುಡಿಯೊ 2023ರಲ್ಲಿ ಮುಚ್ಚಿತು. ಗೇಮೂ ಅಲ್ಲಿಗೇ ನಿಂತಿತು.

ಈಗ ಬೆಂಗಳೂರಲ್ಲೇ ದೊಡ್ಡ ಗೇಮ್‌ಗಳ ಕೆಲಸ ನಡೆಯುತ್ತದೆ. ರಾಜೇಶ್ ರಾವ್ 1997ರಲ್ಲಿ ಶುರು ಮಾಡಿದ ಧ್ರುವ ಇಂಟರ್‌ಆಕ್ಟಿವ್ ಬೇರೆ ದೇಶಗಳ ಗೇಮ್‌ಗಳಿಗೆ ವರ್ಷಾನುಗಟ್ಟಲೆ ಕಾರು, ಕಟ್ಟಡ, ಗಿಡಮರ ಮಾಡಿಕೊಟ್ಟಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿ ಅದನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೊಗೆ ಸೇರಿಸಿಕೊಂಡಿತು. ಸೈಬರ್‌ನಲ್ಲಿ ಡ್ರಾಗುನೋವ್ ಹಿಡಿದಿದ್ದ ತಲೆಮಾರಿನವರು ಅಲ್ಲೆಲ್ಲ ಕೂತಿದ್ದಾರೆ. ಅವರ ಕೈಗೆ ಒಂದು ಐಜಿಐ ಕೊಟ್ಟರೆ ಏನು ಮಾಡಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ. ಯಾರೂ ಕೊಡುವುದಿಲ್ಲ, ಅದು ಬೇರೆ ಮಾತು.

ಅಕಸ್ಮಾತ್ ಯಾರಾದರೂ ಮಾಡುವುದಾದರೆ ನನ್ನ ಬೇಡಿಕೆ ಚಿಕ್ಕದು. ಕಥೆ ಬೇಡ, ಎರಡು ಸಾಲು ಸಾಕು. ಜೊತೆಗಾರ ಬೇಡ, ಹಳೇ ಆಟದ ಹಾಗೆ ಕಿವಿಯಲ್ಲಿ ಮಾತಾಡಲು ಅನ್ಯಾ ಒಬ್ಬಳಿದ್ದರೆ ಸಾಕು. 'ಇಲ್ಲಿಗೆ ಹೋಗು' ಅಂತ ಹೊಳೆಯುವ ಬಾಣದ ಗುರುತು ಖಂಡಿತ ಬೇಡ. ಕಾವಲುಗಾರರಿಗೆ ಸ್ವಲ್ಪ ಬುದ್ಧಿ ಬರಲಿ, ಆದರೆ ಬ್ಯಾರಕ್ಕಿನಿಂದ ಮುಗಿಯದಷ್ಟು ಜನ ಬರುವುದು ಹಾಗೇ ಇರಲಿ, ಅದಿಲ್ಲದಿದ್ದರೆ ಅದು ಐಜಿಐ ಅಲ್ಲ. ಕೇಬಲ್ ಇರಲಿ. ಸೇವ್ ಬಟನ್ ಇಟ್ಟರೆ ನಾನಂತೂ ಕೊಳ್ಳುವುದಿಲ್ಲ ಅಂತ ಹೇಳಿದ್ದೆ. ಅದಕ್ಕೆ ನನ್ನ ಹೆಂಡತಿ, "ಸೇವ್ ಇಲ್ದಿದ್ರೆ ನೀವು ಆಡೋದು ಯಾವಾಗ, ರಿಟೈರ್ ಆದ್ಮೇಲಾ?" ಅಂದಳು.